ಕಬ್ಬಿಣ ಕಳಚಿಕೊಂಡ ಕಾಂತ

ಸೂರ್ಯಕಾಂತ, ಚಂದ್ರಕಾಂತ, ಅಯಸ್ಕಾಂತ. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಮೂರು ಕಲ್ಲುಗಳಿಗೆ ಒಂದೇ ಅಚ್ಚಿನ ಹೆಸರು. ಬಿಸಿಲು ಬಿದ್ದರೆ ಕಿಡಿ ಕಾರುವುದು ಮೊದಲನೆಯದು, ಬೆಳದಿಂಗಳು ತಾಕಿದರೆ ನೀರೊಸರುವುದು ಎರಡನೆಯದು, ಕಬ್ಬಿಣವನ್ನು ಬಳಿಗೆ ಕರೆಸಿಕೊಳ್ಳುವುದು ಮೂರನೆಯದು. ಚಂದ್ರಕಾಂತ ಒಸರಿದ್ದನ್ನು ಕವಿಗಳ ಹೊರತು ಬೇರೆ ಯಾರೂ ಕಂಡಂತಿಲ್ಲ. ಸೂರ್ಯಕಾಂತದ ಹಿಂದೆ ಸ್ಫಟಿಕದ ಭೂತಗನ್ನಡಿಯೊಂದು ಇದ್ದಿರಬಹುದು; ಈಗ ಆ ಹೆಸರು ಕೊನೆಗೊಂದು ಇಕಾರ ತಗಲಿಸಿಕೊಂಡು ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಕಾಳಾಗಿ ಬೆಳೆಯುತ್ತಿದೆ. ಹೆಸರು ಹೇಳಿದ ಕೆಲಸವನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸಿದ್ದು ಅಯಸ್ಕಾಂತವೊಂದೇ. ಹಾಗೆಂದೇ ಮೂವರಲ್ಲಿ ಅದು ಮಾತ್ರ ಶಾಲೆಯ ಪುಸ್ತಕದವರೆಗೂ ನಡೆದು ಬಂತು, ಅಲ್ಲಿಂದ ಮುಂದೆ ಗುರು, ಶನಿ, ನೆಪ್ಚೂನ್‌ಗಳವರೆಗೂ ಹೋಯಿತು. ದಾರಿಯಲ್ಲಿ ಅದು ಅರ್ಧ ಮೈಯನ್ನು ಕಳಚಿಕೊಂಡಿತು. ಆ ಕಳಚಿದ ಅರ್ಧದ ಕಥೆಯೇ ಈ ಬರಹ.

‘ಕಮ್’ ಎಂಬ ಧಾತುವಿಗೆ ಬಯಸು ಎಂದು ಅರ್ಥ. ಕಾಮ, ಕಾಮನೆ, ಕಾಂತಿ, ಕಾಂತೆ ಎಲ್ಲ ಅದರ ಸಂತಾನ. ಕಾಂತ ಎಂದರೆ ಬಯಸಲ್ಪಟ್ಟವನು, ಪ್ರಿಯ, ಗಂಡ. ಲಕ್ಷ್ಮಿ ಬಯಸಿದವನು ಲಕ್ಷ್ಮೀಕಾಂತ, ಉಮೆ ಬಯಸಿದವನು ಉಮಾಕಾಂತ. ಇದೇ ಲೆಕ್ಕದಲ್ಲಿ ಅಯಸ್ಸು, ಅಂದರೆ ಕಬ್ಬಿಣ, ಯಾವುದನ್ನು ಬಯಸುತ್ತದೋ ಅದು ಅಯಸ್ಕಾಂತ. ಬಯಕೆಯ ದಿಕ್ಕನ್ನು ಗಮನಿಸಬೇಕು. ಕಲ್ಲು ಕಬ್ಬಿಣವನ್ನು ಬಯಸುತ್ತಿಲ್ಲ, ಅದು ಕೂತಲ್ಲೇ ಕೂತಿದೆ. ಹಂಬಲಿಸಿ ಎದ್ದು ನಡೆಯುವುದು ಕಬ್ಬಿಣ. ಈಚೆಗೆ ಪತ್ರಿಕೆಗಳಲ್ಲೂ ಅಂಗಡಿ ಬೋರ್ಡುಗಳಲ್ಲೂ ‘ಆಯಸ್ಕಾಂತ’ ಎಂದು ದೀರ್ಘ ಎಳೆಯುವ ರೂಢಿ ಬೆಳೆದಿದೆ. ಕಬ್ಬಿಣದಿಂದ ಮಾಡಿದ್ದು ಎಂಬರ್ಥದ ‘ಆಯಸ’ದ ನೆನಪಿನಿಂದ ಬಂದಿರಬಹುದು, ಅಥವಾ ನಮ್ಮ ‘ಆಯಾಸ’ದಿಂದಲೇ ಬಂದಿರಬಹುದು. ಪಂಡಿತರು ಮುಖ ಸಿಂಡರಿಸುತ್ತಾರೆ. ನನಗೇನೂ ಅಷ್ಟು ಕೋಪ ಬರುವುದಿಲ್ಲ.

ಕಲ್ಲಿಗೂ ಲೋಹಕ್ಕೂ ನಡುವೆ ಪ್ರೀತಿ ಕಂಡವರು ನಮ್ಮವರಷ್ಟೇ ಅಲ್ಲ. ಚೀನೀಯರು ಅದನ್ನು ‘ತ್ಸ-ಶಿ’ ಎಂದು ಕರೆದರು, ಮಮತೆಯ ಕಲ್ಲು. ಅವರಿಗೆ ಕಂಡದ್ದು ಮಕ್ಕಳನ್ನು ಬಳಿಗೆ ಸೆಳೆದುಕೊಳ್ಳುವ ತಾಯ್ತನ. ಫ್ರೆಂಚರ ‘ಎಮಾಂ’ ಎಂಬ ಮಾತು ವಜ್ರವನ್ನು ಹೇಳುವ ಗ್ರೀಕ್-ಲ್ಯಾಟಿನ್ ಪದದಿಂದ ಸವೆದು ಬಂದದ್ದಾದರೂ, ಇವತ್ತು ಕೇಳುವ ಕಿವಿಗೆ ‘ಪ್ರೀತಿಸುವ’ ಎಂದೇ ಕೇಳಿಸುತ್ತದೆ. ಗ್ರೀಕರು ಮಾತ್ರ ಒಂದು ಊರಿನ ಹೆಸರಿಟ್ಟು ಕೈತೊಳೆದುಕೊಂಡರು. ಮ್ಯಾಗ್ನೀಸಿಯಾ ಸೀಮೆಯ ಕಲ್ಲು, ಆದ್ದರಿಂದ ಮ್ಯಾಗ್ನೆಟ್. ಮೆಗ್ನೀಸಿಯಮ್ಮೂ ಮ್ಯಾಂಗನೀಸೂ ಅದೇ ಊರಿನ ಗುರುತು ಹೊತ್ತ ನೆಂಟರು.

ನಮ್ಮ ಪದ ಮೊದಲು ಕೆಲಸಕ್ಕಿಳಿದದ್ದು ಶಸ್ತ್ರವೈದ್ಯದಲ್ಲಿ. ಮೈಯಲ್ಲಿ ನೆಟ್ಟ ಬಾಣದ ಮೊನೆಯನ್ನು ಹೊರತೆಗೆಯುವ ಉಪಾಯಗಳನ್ನು ಹೇಳುತ್ತ ಸುಶ್ರುತ ಸಂಹಿತೆ ಅಯಸ್ಕಾಂತವನ್ನೂ ಹೆಸರಿಸುತ್ತದೆ. ಎಲ್ಲ ಬಾಣಕ್ಕೂ ಅದು ನಡೆಯದು: ಮೊನೆ ಸಡಿಲವಾಗಿರಬೇಕು, ಮುಳ್ಳುಗಿವಿ ಇರಬಾರದು, ಗಾಯದ ಬಾಯಿ ಅಗಲವಾಗಿರಬೇಕು. ಬಳಸಿ ನೋಡಿದವನಿಗೆ ಮಾತ್ರ ಹೊಳೆಯುವ ಷರತ್ತುಗಳಿವು. ಕಾಳಿದಾಸನ ಕೈಗೆ ಬಂದಾಗ ಅದೇ ಕಲ್ಲು ಉಪಮೆಯಾಯಿತು. ‘ಕುಮಾರಸಂಭವ’ದ ಎರಡನೆಯ ಸರ್ಗದಲ್ಲಿ ಬ್ರಹ್ಮ ದೇವತೆಗಳಿಗೆ ಹೇಳಿಕೊಡುವ ಯುಕ್ತಿ ಇದು: ತಪಸ್ಸಿನಲ್ಲಿ ಗಟ್ಟಿಯಾಗಿ ಕೂತ ಶಿವನ ಮನಸ್ಸು ಕಬ್ಬಿಣ, ಉಮೆಯ ರೂಪ ಅಯಸ್ಕಾಂತ, ಎಳೆದು ನೋಡಿ.

ವೈಶೇಷಿಕ ಸೂತ್ರಗಳನ್ನು ಹೇಳಿದ ಕಣಾದನಿಗೆ ಉಪಮೆ ಬೇಕಿರಲಿಲ್ಲ, ಕಾರಣ ಬೇಕಿತ್ತು. ಯಾರೂ ನೂಕದೆ ಸೂಜಿಯೊಂದು ಕಲ್ಲಿನ ಕಡೆ ಸರಿಯುತ್ತದಲ್ಲ, ಯಾಕೆ? ಮುಟ್ಟುವ, ಬಡಿಯುವ, ದೂಡುವ ಕಾರಣಗಳೆಲ್ಲ ತೀರಿದ ಮೇಲೆ ಅವನು ಕೊಟ್ಟ ಉತ್ತರ ‘ಅದೃಷ್ಟ’, ಅಂದರೆ ಕಣ್ಣಿಗೆ ಕಾಣದ ಕಾರಣ. ಆ ಮಾತು ಮುಂದೆ ಕನ್ನಡದಲ್ಲಿ ಲಾಟರಿ ಟಿಕೆಟ್ಟಿನ ಪಾಲಾದದ್ದು ಬೇರೆಯೇ ಜಿಜ್ಞಾಸೆ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಸಾಂಖ್ಯರ ಮೇಲೆ ಹರಿಹಾಯುವಾಗಲೂ ಈ ಕಲ್ಲು ಬರುತ್ತದೆ. ಅಲುಗದ ಪುರುಷ ಬರೀ ಹತ್ತಿರವಿದ್ದುಕೊಂಡೇ ಪ್ರಕೃತಿಯನ್ನು ಅಲುಗಿಸುತ್ತಾನೆ, ಅಯಸ್ಕಾಂತ ಕಬ್ಬಿಣವನ್ನು ಅಲುಗಿಸುವಂತೆ ಎಂದರು ಸಾಂಖ್ಯರು. ಹಾಗಾದರೆ ಅಲುಗಾಟ ಎಂದೂ ನಿಲ್ಲಬಾರದು ಎಂದರು ಆಚಾರ್ಯರು. ಅಯಸ್ಕಾಂತವನ್ನಾದರೋ ಹತ್ತಿರ ತರಬೇಕು, ಉಜ್ಜಿ ಚೊಕ್ಕಟ ಮಾಡಬೇಕು, ಆಮೇಲೆ ತಾನೆ ಅದು ಎಳೆಯುವುದು ಎಂಬುದು ಅವರ ವಾದ. ತತ್ತ್ವ ಯಾರದು ಗೆದ್ದಿತೋ, ಕಲ್ಲನ್ನು ಉಜ್ಜಬೇಕೆಂಬ ವಿವರ ಮಾತ್ರ ನನಗೆ ಮೆಚ್ಚುಗೆ.

ಪದದ ಬಾಳಿನಲ್ಲಿ ಬಹಳ ರುಚಿಯಾದ ಘಟ್ಟ ರಸಶಾಸ್ತ್ರದ್ದು. ಪಾದರಸ, ಭಸ್ಮಗಳ ಈ ವಿದ್ಯೆಯವರು ಕಾಂತವನ್ನು ಐದು ಜಾತಿಯಾಗಿ ವಿಂಗಡಿಸಿದರು. ‘ರಸರತ್ನಸಮುಚ್ಚಯ’ದಲ್ಲಿ ಪಟ್ಟಿ ಸಿಗುತ್ತದೆ. ಕಬ್ಬಿಣವನ್ನು ತಿರುಗಿಸುವುದು ಭ್ರಾಮಕ, ಅಂಟಿ ಮುದ್ದಿಡುವುದು ಚುಂಬಕ, ದೂರದಿಂದಲೇ ಎಳೆಯುವುದು ಕರ್ಷಕ, ಕರಗಿಸುವುದು ದ್ರಾವಕ, ರೋಮ ನಿಮಿರಿದಂತೆ ಎಳೆಗಳನ್ನು ಹೊರಡಿಸುವುದು ರೋಮಕ. ದರ್ಜೆಯನ್ನೂ ಕಟ್ಟಿದ್ದಾರೆ: ಭ್ರಾಮಕಕ್ಕೆ ಎಲ್ಲಕ್ಕಿಂತ ಕೆಳಗಿನ ಜಾಗ, ದ್ರಾವಕಕ್ಕೆ ಎಲ್ಲಕ್ಕಿಂತ ಮೇಲಿನದು. ಕಬ್ಬಿಣ ಕರಗಿಸುವ ಕಲ್ಲು ಲೋಕದಲ್ಲಿಲ್ಲ. ಆದರೂ ಈ ಎರಡು ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತವೆ. ‘ಅಯಸ್’ ಉದುರಿ ಬರಿಯ ‘ಕಾಂತ’ ಒಂಟಿಯಾಗಿ ನಿಂತದ್ದು ಈ ಸಾಹಿತ್ಯದಲ್ಲಿ ಸಾಮಾನ್ಯ. ಕಾಂತಲೋಹ, ಕಾಂತಸಿಂಧೂರ ಎಂಬ ಔಷಧದ ಹೆಸರುಗಳು ಈಗಲೂ ಚಾಲ್ತಿಯಲ್ಲಿವೆ.

ಇದೇ ಪಟ್ಟಿಯ ಮುಂದೆ ನಿಂತು ಭಾರತದ ಭಾಷೆಗಳು ಎರಡು ದಾರಿ ಹಿಡಿದವು. ಹಿಂದಿ, ಮರಾಠಿ, ಗುಜರಾತಿ, ಬಂಗಾಳಿಗಳು ಚುಂಬಕವನ್ನು ಎತ್ತಿಕೊಂಡವು. ತಮಿಳು, ಮಲಯಾಳ, ತೆಲುಗು, ಕನ್ನಡ ನಾಲ್ಕೂ ಕಾಂತದ ಕೈಹಿಡಿದವು. ಉತ್ತರದವರಿಗೆ ಮುತ್ತು, ದಕ್ಷಿಣದವರಿಗೆ ಮದುವೆ. ಮನೆಮಾತಿನಲ್ಲಿ ಮಾತ್ರ ನಮಗೆ ಬೇರೆಯದೇ ಪದವಿದೆ, ಸೂಜಿಗಲ್ಲು. ತೆಲುಗರದು ‘ಸೂದಂಟುರಾಯಿ’, ಸೂಜಿ ಅಂಟುವ ಕಲ್ಲು. ಪ್ರೀತಿ ಗೀತಿ ಏನಿಲ್ಲ, ಕಂಡದ್ದು ಕಂಡ ಹಾಗೆ. ಸೂಜಿ ಎಂಬುದು ಸಂಸ್ಕೃತದ ‘ಸೂಚಿ’ಯ ತದ್ಭವ, ಕಣಾದನ ಸೂತ್ರದಲ್ಲಿ ಸರಿಯುವುದೂ ಸೂಚಿಯೇ. ಸಭೆಗಳಲ್ಲಿ ‘ಸೂಜಿಗಲ್ಲಿನಂಥ ವ್ಯಕ್ತಿತ್ವ’ ಎಂದು ಯಾರನ್ನೋ ಹೊಗಳುವವರ ಬಾಯಲ್ಲಿ ಆ ಹಳೆಯ ಪ್ರಯೋಗದ ಸೂಜಿ ಇನ್ನೂ ಇದೆ. ಆ ಕಲ್ಲು ಖನಿಜಶಾಸ್ತ್ರದವರ ಮ್ಯಾಗ್ನೆಟೈಟ್, ಕಬ್ಬಿಣದ ಒಂದು ಆಕ್ಸೈಡ್. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಕುದುರೆಮುಖದ ಬೆಟ್ಟದಿಂದ ತೆಗೆಯುತ್ತಿದ್ದುದು ಮುಖ್ಯವಾಗಿ ಇದೇ ಅದಿರನ್ನು. ಅದಿರಿನ ಎಲ್ಲ ತುಂಡೂ ಸೂಜಿಯನ್ನು ಎಳೆಯುವ ಸೂಜಿಗಲ್ಲಲ್ಲ. ಸೂಜಿಗಲ್ಲೆಲ್ಲ ಆ ಖನಿಜವೇ ಹೌದು.

ಇಷ್ಟು ಹೆಸರುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಹೆಚ್ಚಿನವು ಸೆಳೆತವನ್ನು ಹೇಳುತ್ತವೆ, ಯಾವುದೂ ದಿಕ್ಕನ್ನು ಹೇಳುವುದಿಲ್ಲ. ತೂಗಬಿಟ್ಟ ಸೂಜಿ ಉತ್ತರ-ದಕ್ಷಿಣವಾಗಿ ನಿಲ್ಲುತ್ತದೆ ಎಂಬ ಸಂಗತಿ ಕಾಂತ, ಚುಂಬಕ, ಕರ್ಷಕ ಯಾವುದರೊಳಗೂ ಇಲ್ಲ. ಚೀನಾದ ಶೆನ್ ಕ್ವೊ 1088ರ ಹೊತ್ತಿಗೆ ತೂಗುಸೂಜಿಯನ್ನು ವರ್ಣಿಸಿದ್ದಲ್ಲದೆ, ಅದು ನೇರ ದಕ್ಷಿಣಕ್ಕೆ ನಿಲ್ಲದೆ ಕೊಂಚ ಓರೆಯಾಗುತ್ತದೆಂದೂ ಬರೆದಿಟ್ಟ. ಫ್ರಾನ್ಸಿನ ಪೀಟರ್ ಪೆರಿಗ್ರಿನಸ್ 1269ರಲ್ಲಿ, ಇಟಲಿಯ ಲುಚೆರಾ ಕೋಟೆಗೆ ಹಾಕಿದ ಮುತ್ತಿಗೆಯ ಸೈನ್ಯದಲ್ಲಿದ್ದುಕೊಂಡೇ ಬರೆದ ಪತ್ರದಲ್ಲಿ, ಕಲ್ಲಿನ ಎರಡು ತುದಿಗಳಿಗೆ ಆಕಾಶದ ಧ್ರುವಗಳ ಹೆಸರನ್ನೇ ಕೊಟ್ಟ. ಕನ್ನಡದಲ್ಲಿ ಆ ಯಂತ್ರಕ್ಕೆ ದಿಕ್ಸೂಚಿ ಎಂಬ ಹೆಸರು ನಿಂತಾಗ ಸೂಜಿಯ ಅರ್ಥವೂ ಸೂಚಿಸುವ ಅರ್ಥವೂ ಒಂದೇ ಮಾತಿನಲ್ಲಿ ಕೂತವು.

ಧ್ರುವ ಎಂಬ ಹೆಸರಿನಲ್ಲಿ ಒಂದು ತಮಾಷೆಯಿದೆ. ಧ್ರುವ ಎಂದರೆ ಕದಲದ್ದು. ಮಲತಾಯಿಯ ಮಾತಿಗೆ ನೊಂದು ತಪಸ್ಸಿಗೆ ಹೋಗಿ ಅಚಲ ಪದವಿ ಪಡೆದ ಹುಡುಗನ ಹೆಸರು. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಬೂತಿಯಾ ಪರ್ಯಾಯದ್ವೀಪದಲ್ಲಿ ಉತ್ತರದ ಕಾಂತ ಧ್ರುವವನ್ನು ಗುರುತಿಸಿದ. ಆಮೇಲೆ ಅದು ಅಲ್ಲಿ ನಿಲ್ಲಲೇ ಇಲ್ಲ. ಈ ಶತಮಾನದ ಆರಂಭದಲ್ಲಂತೂ ವರ್ಷಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸೈಬೀರಿಯಾದ ಕಡೆ ಓಡಿತು. ವಿಮಾನ, ಹಡಗುಗಳು ನೆಚ್ಚುವ ಜಾಗತಿಕ ಕಾಂತ ನಕ್ಷೆಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಮಾಡುವ ಪದ್ಧತಿ. 2019ರಲ್ಲಿ ಆ ಅವಧಿ ತುಂಬುವ ಮೊದಲೇ ತಿದ್ದಬೇಕಾಯಿತು. ಇಷ್ಟು ಅಲೆಯುವ ಬಿಂದುವಿಗೆ ಧ್ರುವ ಎನ್ನುತ್ತೇವೆ! ಇನ್ನೊಂದು ಸಂಗತಿ ಮಕ್ಕಳನ್ನು ಪೇಚಿಗೆ ಸಿಕ್ಕಿಸುವಂಥದು: ಸೂಜಿಯ ಉತ್ತರ ತುದಿ ಅತ್ತ ತಿರುಗುತ್ತದೆಂದರೆ, ಭೂಮಿಯ ಉತ್ತರದಲ್ಲಿರುವುದು ಕಾಂತಶಾಸ್ತ್ರದ ಪ್ರಕಾರ ದಕ್ಷಿಣ ಧ್ರುವ. ವಿಜಾತಿಗಳು ತಾನೆ ಆಕರ್ಷಿಸುವುದು.

ಸೂಜಿ ಯಾರ ಕಡೆ ನೋಡುತ್ತದೆ? ಧ್ರುವ ನಕ್ಷತ್ರದ ಕಡೆ ಎಂದರು ಕೆಲವರು, ಉತ್ತರದಲ್ಲೊಂದು ಕಾಂತಪರ್ವತವಿದೆ ಎಂದರು ಕೆಲವರು. ಇಂಗ್ಲೆಂಡಿನ ರಾಣಿಯ ವೈದ್ಯ ವಿಲಿಯಂ ಗಿಲ್ಬರ್ಟ್ ಸೂಜಿಗಲ್ಲನ್ನು ಉರುಟಾಗಿ ಕಡೆಸಿ ಪುಟ್ಟ ಭೂಮಿ ಮಾಡಿಕೊಂಡ, ಅದರ ಮೈಮೇಲೆ ಸೂಜಿಗಳನ್ನು ಓಡಾಡಿಸಿದ. ಹಡಗಿನವರ ಸೂಜಿ ಎಲ್ಲೆಲ್ಲಿ ಹೇಗೆ ಬಾಗುತ್ತಿತ್ತೋ ಇಲ್ಲೂ ಹಾಗೇ ಬಾಗಿತು. 1600ರಲ್ಲಿ ಬಂದ ಅವನ ಪುಸ್ತಕ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ಸಾರಿತು. 1839ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್, ಜಗತ್ತಿನ ಬೇರೆ ಬೇರೆ ಕಡೆಯ ಅಳತೆಗಳನ್ನು ಕೂಡಿಸಿ ಲೆಕ್ಕ ಹಾಕಿ, ಈ ಪ್ರಭಾವದ ಬಹುಪಾಲು ಹುಟ್ಟುವುದು ಭೂಮಿಯ ಒಳಗೇ ಎಂದು ತೋರಿಸಿಕೊಟ್ಟ. ಭೂಮಿಯ ಒಡಲ ತುಂಬ ಕಬ್ಬಿಣವಿದೆ ಎಂಬುದೂ ಮುಂದೆ ತಿಳಿಯಿತು. ಕಬ್ಬಿಣ, ಕಾಂತ ಎರಡೂ ಒಂದೇ ಮನೆಯಲ್ಲಿ ಸಿಕ್ಕಿದ ಮೇಲೆ ‘ಅಯಸ್ಕಾಂತ’ಕ್ಕಿಂತ ಒಳ್ಳೆಯ ಹೆಸರು ಬೇಕೇ?

ಇಲ್ಲೇ ಹೆಸರು ಕೈಕೊಡುತ್ತದೆ. ಕಬ್ಬಿಣವನ್ನು ಕಾಯಿಸುತ್ತ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಕಾಂತಗುಣ ಬಿದ್ದುಹೋಗುತ್ತದೆ. ಈ ಗುಣವನ್ನು 1895ರಲ್ಲಿ ವಿವರವಾಗಿ ಅಳೆದವರು ಪಿಯರ್ ಕ್ಯೂರಿ. ಆ ತಾಪಕ್ಕೆ ಅವರದೇ ಹೆಸರು. ಭೂಮಿಯ ಕೇಂದ್ರಗೋಳ ನಾಲ್ಕೈದು ಸಾವಿರ ಡಿಗ್ರಿಗಳ ಕುಲುಮೆ. ಅಲ್ಲಿರುವ ಕಬ್ಬಿಣ, ಅಯಸ್ಕಾಂತವಾಗುವ ಯೋಗ್ಯತೆಯನ್ನೇ ಕಳೆದುಕೊಂಡ ಕಬ್ಬಿಣ. ಅದರ ದೊಡ್ಡ ಪಾಲು ದ್ರವ: ನೆಲದಿಂದ 2,890 ಕಿಲೋಮೀಟರ್ ಆಳದಲ್ಲಿ ಶುರುವಾಗಿ 5,150 ಕಿಲೋಮೀಟರ್‌ವರೆಗೆ ಕರಗಿದ ಕಬ್ಬಿಣ, ನಿಕ್ಕಲ್‌ಗಳ ಕಡಲು. ಅದರೊಳಗೆ ಸುಮಾರು 1,220 ಕಿಲೋಮೀಟರ್ ತ್ರಿಜ್ಯದ ಘನ ಗುಂಡು. ಅದು ಇರುವುದನ್ನು ಭೂಕಂಪದ ಅಲೆಗಳಿಂದ ಕಂಡುಹಿಡಿದು 1936ರಲ್ಲಿ ಪ್ರಕಟಿಸಿದ್ದು ಡೆನ್ಮಾರ್ಕಿನ ಇಂಗೆ ಲೇಮಾನ್. ಗಿಲ್ಬರ್ಟನ ದೊಡ್ಡ ಅಯಸ್ಕಾಂತ ಭೂಮಿಯೊಳಗೆ ಎಲ್ಲೂ ಇಲ್ಲ.

ಈ ಹೊತ್ತಿಗೆ ಕನ್ನಡದಲ್ಲಿ ವಿಜ್ಞಾನ ಬರೆಯುವವರು ತಯಾರಾಗುತ್ತಿದ್ದರು. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಪತ್ರಿಕೆ ಹೊರಟದ್ದು 1918ರಲ್ಲಿ. ಅಲ್ಲಿಂದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದವರೆಗೆ, ಆಮೇಲೆ ಪಠ್ಯಪುಸ್ತಕಗಳವರೆಗೆ, ಪರಿಭಾಷೆ ಕಟ್ಟುವ ಕೆಲಸ ನಡೆಯುತ್ತಲೇ ಬಂತು. ಕೈಯಲ್ಲಿ ಹಿಡಿಯುವ ವಸ್ತುವಿಗೆ ಅಯಸ್ಕಾಂತವೇ ಉಳಿಯಿತು. ಗುಣ, ಬಲ, ಧ್ರುವ, ಕ್ಷೇತ್ರಗಳ ಮಾತು ಬಂದಾಗ ಅಯಸ್ಸು ಉದುರಿತು. ಕಾಂತತ್ವ, ಕಾಂತಬಲ, ವಿದ್ಯುತ್ಕಾಂತ, ಕಾಂತಕ್ಷೇತ್ರ. ‘ಅಯಸ್ಕಾಂತಕ್ಷೇತ್ರ’ ಎಂದು ನಾಲಿಗೆ ಹೊರಳಿಸುವುದು ಕಷ್ಟವೆಂಬುದೇ ಕಾರಣವಿದ್ದೀತು. ಆದರೆ ಆ ಸೋಮಾರಿತನ ಭೌತಶಾಸ್ತ್ರಕ್ಕೆ ಸರಿಯಾಗಿ ಹೊಂದಿಕೊಂಡಿತು ಎಂಬುದು ನನ್ನ ವಾದ. ಗ್ರಹಗಳ ಕಾಂತತ್ವಕ್ಕೂ ಕಬ್ಬಿಣದ ಆ ಹಳೆಯ ಹಂಬಲಕ್ಕೂ ಸಂಬಂಧವಿಲ್ಲ. ಬೇಕಾದದ್ದು ವಿದ್ಯುತ್ ಹರಿಯಬಲ್ಲ ಒಂದು ದ್ರವ. ಅದು ಕಬ್ಬಿಣವಾದರೂ ಸರಿ, ಬೇರೇನಾದರೂ ಸರಿ.

‘ಕ್ಷೇತ್ರ’ವೂ ಈ ಹೊತ್ತಿನಲ್ಲಿ ಜತೆಗೂಡಿದ್ದು. ಕಾಂತದ ಸುತ್ತಲಿನ ಬಯಲನ್ನು ‘ಫೀಲ್ಡ್’ ಎಂದು 1845ರಲ್ಲಿ ಕರೆದವನು ಮೈಕೆಲ್ ಫ್ಯಾರಡೆ. ಎಳೆತ ಕಲ್ಲಿನೊಳಗಲ್ಲ, ಸುತ್ತಲ ಬಯಲಿನಲ್ಲೇ ಹರಡಿದೆ ಎಂಬುದು ಅವನ ದೊಡ್ಡ ನೋಟ. ಕಾಗದದ ಮೇಲೆ ಉದುರಿಸಿದ ಕಬ್ಬಿಣದ ಅರದ ಪುಡಿ ಬಳ್ಳಿಬಳ್ಳಿಯಾಗಿ ನಿಂತದ್ದನ್ನು ಅವನು ಬಲರೇಖೆಗಳೆಂದು ಓದಿದ. ರಸಶಾಸ್ತ್ರದವರು ರೋಮಕವೆಂದದ್ದು, ಕಣಾದ ಅದೃಷ್ಟವೆಂದದ್ದು ಎರಡೂ ಆ ಕಾಗದದ ಮೇಲೆ ಕೂಡಿಕೊಂಡವು. ಕ್ಷೇತ್ರ ಎಂದಾಗ ಕನ್ನಡಿಗರಿಗೆ ಹೊಲಕ್ಕಿಂತ ಮೊದಲು ನೆನಪಾಗುವುದು ಧರ್ಮಸ್ಥಳ, ಗೋಕರ್ಣ. ಚುನಾವಣೆ ಹತ್ತಿರವಿದ್ದರೆ ವಿಧಾನಸಭಾ ಕ್ಷೇತ್ರ. ಒಬ್ಬರ ಪ್ರಭಾವ ನಡೆಯುವ ಎಲ್ಲೆ ಎಂಬ ಅರ್ಥ ಮೂರರಲ್ಲೂ ಇರುವುದರಿಂದ ಫ್ಯಾರಡೆಯ ಹೊಲ ನಮ್ಮಲ್ಲಿ ಪರಕೀಯವಾಗಲಿಲ್ಲ.

ಅಯಸ್ಕಾಂತವಿಲ್ಲದ ಭೂಮಿಗೆ ಕಾಂತಕ್ಷೇತ್ರ ಎಲ್ಲಿಂದ ಬಂತು? ಉತ್ತರದ ಎಳೆ ಸಿಕ್ಕಿದ್ದು ಕಾರ್ಖಾನೆಯಲ್ಲಿ. ಕಾಂತಕ್ಷೇತ್ರದೊಳಗೆ ತಂತಿಯನ್ನು ಚಲಿಸಿದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಹರಿಯುವ ವಿದ್ಯುತ್ತು ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. 1866-67ರಲ್ಲಿ ವರ್ನರ್ ಸೀಮೆನ್ಸ್ ಮತ್ತಿತರರು ಇದನ್ನೇ ಹಿಡಿದು, ಶಾಶ್ವತ ಅಯಸ್ಕಾಂತವನ್ನು ಕಿತ್ತುಹಾಕಿದ ಜನರೇಟರ್ ಮಾಡಿದರು. ಉಳಿದಿದ್ದ ಒಂದಿಷ್ಟು ಕಾಂತತ್ವವೇ ಸಾಕು, ಅದು ವಿದ್ಯುತ್ತನ್ನು ಹುಟ್ಟಿಸಿ, ವಿದ್ಯುತ್ತು ಕಾಂತತ್ವವನ್ನು ಹೆಚ್ಚಿಸಿ, ಎರಡೂ ಒಂದರ ಹೆಗಲೇರಿ ಇನ್ನೊಂದು ಬೆಳೆಯುತ್ತವೆ. ಡೈನಮೊ ಎಂಬ ಹೆಸರು ಹುಟ್ಟಿದ್ದು ಇಂಥ ಯಂತ್ರಕ್ಕೆ. ನಮ್ಮ ಹಳ್ಳಿಗಳಲ್ಲಿ ಸೈಕಲ್ ಚಕ್ರಕ್ಕೆ ಒರಗಿ ಗುಂಯ್‌ಗುಡುತ್ತಿದ್ದ ಡೈನಮೊದ ಹೊಟ್ಟೆಯಲ್ಲಿ ಒಂದು ಅಯಸ್ಕಾಂತ ಇದ್ದೇ ಇರುತ್ತಿತ್ತು. ಆದ್ದರಿಂದ ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಡೈನಮೊ ಅಲ್ಲ, ಭೂಮಿಯ ಒಳಗಿರುವುದೇ ಡೈನಮೊ.

1919ರಲ್ಲಿ ಜೋಸೆಫ್ ಲಾರ್ಮರ್ ಸೂರ್ಯನ ಕಾಂತತ್ವವನ್ನು ವಿವರಿಸಲು ಹೊರಟು ಈ ಯೋಚನೆಯನ್ನು ಆಕಾಶಕಾಯಗಳಿಗೆ ಹೊಂದಿಸಿದ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ಎಂದು ಹೆಸರು. ಅದಕ್ಕೆ ಇದು ಆಧಾರ, ಇದಕ್ಕೆ ಅದು ಆಧಾರ ಎಂದರೆ ನೈಯಾಯಿಕರು ದೋಷವೆಂದು ವಾದವನ್ನು ತಳ್ಳಿಹಾಕುತ್ತಾರೆ. ಭೂಗರ್ಭ ಆ ದೋಷದ ಮೇಲೆಯೇ ನಡೆಯುತ್ತಿದೆ. ಅನ್ಯೋನ್ಯ ಎಂಬ ಮಾತು ಕನ್ನಡದ ಮನೆಗಳಲ್ಲಿ ಗಂಡಹೆಂಡಿರ ಹೊಂದಾಣಿಕೆಗೆ ಬಳಕೆಯಾಗುವುದರಿಂದ ಕಾಂತನಿಗೆ ಇದು ಸಲ್ಲುತ್ತದೆ ಕೂಡ. ಆದರೆ ಖರ್ಚಿಲ್ಲದ ಸಂಸಾರವಲ್ಲ ಇದು. ಕಾಂತಕ್ಷೇತ್ರಕ್ಕೆ ಹೊಸ ಪೂರೈಕೆ ನಿಂತರೆ ಕೆಲವು ಹತ್ತುಸಾವಿರ ವರ್ಷಗಳಲ್ಲಿ ಅದು ಕರಗಿಹೋಗುತ್ತದೆ. ಶಿಲೆಗಳ ಸಾಕ್ಷಿಯಂತೆ ಭೂಮಿಯ ಕ್ಷೇತ್ರಕ್ಕೆ ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅಷ್ಟು ಕಾಲ ಪೂರೈಸುತ್ತಿರುವುದು ಭೂಮಿ ತಣಿಯುತ್ತಿರುವ ಶಾಖ. ಒಳಗಿನ ಘನ ಗುಂಡು ನಿಧಾನವಾಗಿ ಹೆಪ್ಪುಗಟ್ಟಿ ದಪ್ಪವಾಗುವಾಗ ಶಾಖವೂ ಹಗುರ ಧಾತುಗಳೂ ಹೊರಬಿದ್ದು ಮೇಲೇರುತ್ತವೆ, ದ್ರವ ಕಬ್ಬಿಣ ಮೇಲೆಕೆಳಗಾಗುತ್ತದೆ. ಭೂಮಿಯ ತಿರುಗಾಟ ಆ ಹರಿವನ್ನು ಸುರುಳಿಯಾಗಿ ಹೊಸೆಯುತ್ತದೆ. ಹರಿವಿನ ವೇಗ ವರ್ಷಕ್ಕೆ ಹತ್ತಾರು ಕಿಲೋಮೀಟರ್, ಅಷ್ಟೆ. ಬಸವನಹುಳು ಇದಕ್ಕಿಂತ ಚುರುಕು.

ಈಗ ರಸಶಾಸ್ತ್ರದ ಪಟ್ಟಿಗೆ ಮರಳಬಹುದು. ಗ್ರಹವೊಂದು ಕಾಂತವಾಗಲು ಏನು ಬೇಕು? ವಿದ್ಯುತ್ ಹರಿಯುವ ದ್ರವ ಬೇಕು, ಅದು ಒಳಗೊಳಗೇ ಕದಡುತ್ತಿರಬೇಕು, ಗ್ರಹ ತಿರುಗುತ್ತಿರಬೇಕು. ದ್ರಾವಕ, ಭ್ರಾಮಕ! ಮೇಲಿನ ದರ್ಜೆಯದೂ ಕೆಳಗಿನ ದರ್ಜೆಯದೂ ಕೂಡಿದರೆ ಗ್ರಹದ ಕಾಂತ. ರಸವೈದ್ಯರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಯಾರಾದರೂ ಮೆರವಣಿಗೆ ಹೊರಡಿಸುವ ಮೊದಲೇ ಹೇಳಿಬಿಡುತ್ತೇನೆ: ಇದು ಕಾಕತಾಳೀಯ. ಅವರು ಕಬ್ಬಿಣವನ್ನು ತಿರುಗಿಸುವ, ಕರಗಿಸುವ ಕಲ್ಲನ್ನು ಹುಡುಕುತ್ತಿದ್ದರು. ಇಲ್ಲಿ ಕರಗಿ ತಿರುಗುವುದರಿಂದ ಕಾಂತ ಹುಟ್ಟುತ್ತಿದೆ. ಕಾರಣ, ಕಾರ್ಯ ಅದಲುಬದಲಾಗಿವೆ.

ಗ್ರಹಗಳ ನಡುವೆ ಕಾಂತದ ಹಂಚಿಕೆ ಒಂದೇ ತಕ್ಕಡಿಯಲ್ಲಿ ತೂಗಿದ್ದಲ್ಲ. ಪುಟ್ಟ ಬುಧನಿಗೆ ಇದೆ, ಭೂಮಿಯದರ ನೂರರಲ್ಲೊಂದು ಪಾಲಿನಷ್ಟು. 1974ರಲ್ಲಿ ಮ್ಯಾರಿನರ್ 10 ನೌಕೆ ಅದನ್ನು ಕಂಡಾಗ ಎಲ್ಲರಿಗೂ ಆಶ್ಚರ್ಯ. ಭೂಮಿಯಷ್ಟೇ ದಪ್ಪದ ಶುಕ್ರನಿಗೆ ಇಲ್ಲ. ಅದು ಒಂದು ಸುತ್ತು ತಿರುಗಲು 243 ದಿನ ತೆಗೆದುಕೊಳ್ಳುವ ನಿಧಾನಿ, ಆದರೆ ದೋಷವನ್ನೆಲ್ಲ ಭ್ರಮಣದ ತಲೆಗೆ ಕಟ್ಟಲು ಈಗ ಹೆಚ್ಚಿನವರು ಒಪ್ಪುವುದಿಲ್ಲ. ಒಳಗಿನ ಶಾಖ ಸಾಕಷ್ಟು ಬೇಗ ಹೊರಹೋಗದೆ ಕೇಂದ್ರಗೋಳ ಕದಡುತ್ತಿಲ್ಲ ಎಂಬ ವಿವರಣೆಗೆ ಒಲವು ಹೆಚ್ಚು. ಮಂಗಳನಿಗೆ ಒಂದು ಕಾಲಕ್ಕೆ ಇತ್ತು, ಸುಮಾರು ನಾನ್ನೂರು ಕೋಟಿ ವರ್ಷಗಳ ಹಿಂದೆ ಆರಿಹೋಯಿತು. ಅದರ ದಕ್ಷಿಣಾರ್ಧದ ಹಳೆಯ ಶಿಲೆಗಳಲ್ಲಿ ಉಳಿದ ಕಾಂತತ್ವವನ್ನು ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ 1990ರ ದಶಕದ ಕೊನೆಗೆ ಗುರುತಿಸಿತು.

ಗುರುಬಲದ ಮಾತೇ ಬೇರೆ. ಗುರುಗ್ರಹದ ಕಾಂತದ ಒಟ್ಟು ಸತ್ವ ಭೂಮಿಯದರ ಸುಮಾರು 20,000 ಪಟ್ಟು. ನೌಕೆಗಳು ಹೋಗುವ ಮೊದಲೇ, 1955ರಲ್ಲಿ, ಅಲ್ಲಿಂದ ಬರುವ ರೇಡಿಯೊ ಗದ್ದಲವನ್ನು ಅಮೆರಿಕದ ಬರ್ಕ್, ಫ್ರಾಂಕ್ಲಿನ್ ಎಂಬಿಬ್ಬರು ಹಿಡಿದಿದ್ದರು. ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುವ ಗುರುವಿನ ಡೈನಮೊ ಕಬ್ಬಿಣದ್ದಲ್ಲ. ಲಕ್ಷಾಂತರ ವಾಯುಭಾರಗಳ ಒತ್ತಡದಲ್ಲಿ ಜಲಜನಕವೇ ಲೋಹದಂತೆ ವರ್ತಿಸುತ್ತದೆ, ವಿದ್ಯುತ್ತನ್ನು ಹರಿಸುತ್ತದೆ. ಯುರೇನಸ್, ನೆಪ್ಚೂನ್‌ಗಳಲ್ಲಿ ಆ ಕೆಲಸವನ್ನು ಮಾಡುವುದು ಒತ್ತಡದಲ್ಲಿ ಅಯಾನುಗಳಾಗಿ ಒಡೆದ ನೀರು, ಅಮೋನಿಯಾಗಳ ಪದರ ಎಂದು ಎಣಿಕೆ. 1986, 1989ರಲ್ಲಿ ವಾಯೇಜರ್ 2 ಅಳೆದಾಗ ಕಾಂತದ ಅಕ್ಷ ಯುರೇನಸ್ಸಿನಲ್ಲಿ 59 ಡಿಗ್ರಿ, ನೆಪ್ಚೂನಿನಲ್ಲಿ 47 ಡಿಗ್ರಿ ಓರೆ. ಇಲ್ಲೆಲ್ಲ ‘ಅಯಸ್ಕಾಂತ’ ಎಂದಿದ್ದರೆ ಅಪದ್ಧವಾಗುತ್ತಿತ್ತು. ‘ಕಾಂತ’ ಎಂದು ನಿಲ್ಲಿಸಿದ್ದರಿಂದ ಬಚಾವಾದೆವು.

ಶನಿಯದೊಂದು ತಕರಾರು ಇನ್ನೂ ಪೂರ್ತಿ ತೀರಿಲ್ಲ. ಅಕ್ಷದ ಸುತ್ತ ಪೂರ್ಣ ಸಮಮಿತಿಯಲ್ಲಿರುವ ಕಾಂತಕ್ಷೇತ್ರವನ್ನು ಯಾವ ಡೈನಮೊವೂ ಉಳಿಸಿಕೊಳ್ಳಲಾರದು ಎಂದು 1930ರ ದಶಕದಲ್ಲೇ ಥಾಮಸ್ ಕೌಲಿಂಗ್ ಗಣಿತದಿಂದ ಸಾಧಿಸಿದ್ದ. ಒಂದಿಷ್ಟು ಓರೆಕೋರೆ ಇರಲೇಬೇಕು. ಕಸೀನಿ ನೌಕೆ ಕೊನೆಯ ಸುತ್ತುಗಳಲ್ಲಿ ಅಳೆದಾಗ ಶನಿಯ ಕಾಂತದ ಅಕ್ಷಕ್ಕೂ ಭ್ರಮಣದ ಅಕ್ಷಕ್ಕೂ ವ್ಯತ್ಯಾಸ ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಒಳಗಿನ ಓರೆಕೋರೆಯನ್ನು ಮೇಲಿನ ಪದರವೊಂದು ಮರೆಮಾಚುತ್ತಿರಬೇಕು ಎಂಬುದು ಸದ್ಯದ ಸಮಾಧಾನ.

ಕಾಂತಕ್ಷೇತ್ರದಿಂದ ನಮಗೇನು? ಸೂರ್ಯನಿಂದ ಎಲ್ಲ ದಿಕ್ಕಿಗೂ ವಿದ್ಯುದಾವೇಶದ ಕಣಗಳ ಸೌರಮಾರುತ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿರುತ್ತದೆ. ಹಗಲಿನ ಕಡೆ ಸುಮಾರು 65,000 ಕಿಲೋಮೀಟರ್ ದೂರದಲ್ಲೇ ಭೂಮಿಯ ಕಾಂತಗೋಳ ಅದನ್ನು ಅಡ್ಡಗಟ್ಟಿ ಪಕ್ಕಕ್ಕೆ ಹಾಯಿಸುತ್ತದೆ. ಕಾಂತಕ್ಷೇತ್ರ ಇಲ್ಲದಿದ್ದರೆ ಗಾಳಿಯೇ ಉಳಿಯುತ್ತಿರಲಿಲ್ಲ, ಮಂಗಳನನ್ನು ನೋಡಿ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. 2014ರಲ್ಲಿ ಮಂಗಳನ ಕಕ್ಷೆ ಸೇರಿದ ಮೇವನ್ ನೌಕೆ ಅಲ್ಲಿನ ವಾಯು ಸೋರುತ್ತಿರುವುದನ್ನು ಅಳೆದಿರುವುದೂ ನಿಜ. ಆದರೆ ಕಾಂತವಿಲ್ಲದ ಶುಕ್ರ ಭೂಮಿಗಿಂತ ತೊಂಬತ್ತು ಪಟ್ಟು ಒತ್ತಡದ ವಾಯುವನ್ನು ಹೊದ್ದು ಕೂತಿದೆ. ಕಾಂತವಿರುವ ಭೂಮಿಯ ಧ್ರುವಗಳಿಂದಲೂ ಅಯಾನುಗಳು ಸೋರುತ್ತವೆ. ಕವಚ ಎಂಬ ರೂಪಕ ಬಹಳ ಸಲೀಸಾಗಿ ಬಾಯಿಗೆ ಬರುತ್ತದೆ, ಅದಕ್ಕೇ ಅದನ್ನು ಸ್ವಲ್ಪ ಹಿಡಿದು ಬಳಸುವುದು ಒಳ್ಳೆಯದು.

ಕವಚ ಅಲುಗಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಶ್ಚಿಮ ಕರಾವಳಿಯಲ್ಲೇ ದಾಖಲೆಯಿದೆ. 1859ರ ಸೆಪ್ಟೆಂಬರ್ ಆರಂಭದಲ್ಲಿ ಸೂರ್ಯನ ಸ್ಫೋಟವೊಂದರ ಬೆನ್ನಿಗೆ ಜಗತ್ತಿನ ತಂತಿ ಕಚೇರಿಗಳಲ್ಲಿ ಕಿಡಿ ಹಾರಿತು. ಅಮೆರಿಕದಲ್ಲಿ ಬ್ಯಾಟರಿ ಕಳಚಿದ ಮೇಲೂ ತಂತಿ ಸಂದೇಶ ಹೋಯಿತು. ಆಗ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಬರೆದಿಟ್ಟ ಅಂಕಿಗಳ ಪ್ರಕಾರ ಕಾಂತಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲದಷ್ಟು ಕುಸಿದಿತ್ತು. ಆ ಬಿರುಗಾಳಿಯ ಬಿರುಸನ್ನು ತೂಗಲು ಇವತ್ತಿಗೂ ಸಂಶೋಧಕರು ತಿರುವಿಹಾಕುವುದು ಕೊಲಾಬಾದ ಪುಟವನ್ನೇ. ಮುಂದೆ ಮುಂಬಯಿಯ ಟ್ರಾಮ್‌ಗಳಿಗೆ ವಿದ್ಯುತ್ ಕೊಡುವ ನಿರ್ಧಾರವಾದಾಗ, ಅದರ ಗಲಾಟೆ ಸೂಜಿಗೆ ತಾಕದಿರಲೆಂದು 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು, ಕಾಂತಗುಣವಿಲ್ಲದ ಸಾಮಗ್ರಿಯನ್ನೇ ಆರಿಸಿ. ಕೇರಳದ ತುಂಬಾದಲ್ಲಿ 1963ರ ನವೆಂಬರ್ 21ರಂದು ಭಾರತದ ಮೊದಲ ರಾಕೆಟ್ ಹಾರಿದ್ದಕ್ಕೂ ಕಾಂತವೇ ಕಾರಣ: ಕಾಂತ ಸಮಭಾಜಕ ಅಲ್ಲೇ ಹಾದುಹೋಗುತ್ತಿತ್ತು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ ಸೌರಮಾರುತದ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣವನ್ನು ಹೊತ್ತಿದೆ; ಅದು ತಯಾರಾದದ್ದು ಬೆಂಗಳೂರಿನ ಇಸ್ರೊ ಪ್ರಯೋಗಾಲಯದಲ್ಲಿ. 2024ರ ಮೇ ತಿಂಗಳ ಬಿರುಗಾಳಿಯಂದು ಲಡಾಖಿನ ಹಾನ್ಲೆಯ ಆಕಾಶ ಕೆಂಪಾಗಿ ಬೆಳಗಿದ್ದನ್ನು ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಹಿಡಿದವು.

ಕ್ಷೇತ್ರ ಈಗ ಕ್ಷೀಣಿಸುತ್ತಿದೆ, ಕಳೆದ ಇನ್ನೂರು ವರ್ಷಗಳಲ್ಲಿ ನೂರಕ್ಕೆ ಒಂಬತ್ತರಷ್ಟು. ಧ್ರುವಗಳು ಅದಲುಬದಲಾಗುವ ಸೂಚನೆಯೇ? ಅವಸರಪಡಬೇಕಾಗಿಲ್ಲ. ಇಂಥ ಏರಿಳಿತ ಹಿಂದೆಯೂ ಆಗಿದೆ. ಅದಲುಬದಲಾದದ್ದೂ ನಿಜ: ಕಡೆಯ ಸಲ ಸುಮಾರು 7.8 ಲಕ್ಷ ವರ್ಷಗಳ ಹಿಂದೆ. 1906ರಲ್ಲಿ ಫ್ರಾನ್ಸಿನ ಬರ್ನಾರ್ ಬ್ರೂನ್, 1929ರಲ್ಲಿ ಜಪಾನಿನ ಮೊಟೊನೊರಿ ಮತುಯಾಮ ತಿರುವುಮುರುವಾದ ಶಿಲೆಗಳನ್ನು ಕಂಡವರು. ಲಾವಾ ಆರುವಾಗ ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು, ಅಂದರೆ ನಮ್ಮ ಹಳೆಯ ಸೂಜಿಗಲ್ಲಿನ ಧೂಳು, ಕ್ಯೂರಿಯ ತಾಪಕ್ಕಿಂತ ಕೆಳಗಿಳಿಯುತ್ತಲೇ ಆ ಗಳಿಗೆಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದು ಹೆಪ್ಪುಗಟ್ಟುತ್ತವೆ.

ಬೆಳಗಾವಿ, ವಿಜಯಪುರ, ಬೀದರ್ ಸೀಮೆಯ ಕರಿಯ ಬಸಾಲ್ಟ್ ಹೀಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. 1956ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ದಖ್ಖನ್ನಿನ ಈ ಶಿಲೆಗಳೊಳಗಿನ ಸೂಜಿಗಳನ್ನು ಓದಿದರು. ಅವು ಬಾಗಿದ್ದ ಕೋನ ಇಲ್ಲಿನದಾಗಿರಲಿಲ್ಲ. ಲಾವಾ ಹರಿದಾಗ ಈ ನೆಲ ಸಮಭಾಜಕದಿಂದ ಎಷ್ಟೋ ದಕ್ಷಿಣಕ್ಕಿತ್ತು. ಖಂಡಗಳು ಅಲೆಯುತ್ತವೆ ಎಂಬ ಮಾತನ್ನು ಹೆಚ್ಚಿನ ಭೂವಿಜ್ಞಾನಿಗಳು ಇನ್ನೂ ಒಪ್ಪದಿದ್ದ ಕಾಲ ಅದು. ಬಹುಪಾಲು ಪದರಗಳಲ್ಲಿ ಉತ್ತರ-ದಕ್ಷಿಣ ತಲೆಕೆಳಗಾಗಿಯೂ ಇತ್ತು. ವಿಜಯಪುರದ ಗೋಳಗುಮ್ಮಟ ಕಟ್ಟಿದ್ದು ಇದೇ ಕಲ್ಲಿನಿಂದ. ಅದರ ಗೋಡೆಯ ಕಲ್ಲುಗಳೂ ಒಂದೊಂದು ದಿಕ್ಸೂಚಿಯೇ, ಆದರೆ ಆದಿಲ್‌ಶಾಹಿ ಕಾಲದ ಕಲ್ಲುಕುಟಿಗರು ಅವನ್ನು ಕಡಿದು, ಹೊರಳಿಸಿ, ಮುಖ ನೋಡಿ ಕೂರಿಸಿದ್ದರಿಂದ ಒಂದೊಂದೂ ಒಂದೊಂದು ಕಡೆಯನ್ನು ಉತ್ತರವೆನ್ನುತ್ತದೆ. ಭೂವಿಜ್ಞಾನಿಗೆ ಆ ಗೋಡೆ ಉಪಯೋಗವಿಲ್ಲ. ಅವನು ಊರಾಚೆ ಹೋಗಬೇಕು, ಹುಟ್ಟಿದಲ್ಲೇ ಅಲುಗದೆ ಬಿದ್ದಿರುವ ಬಂಡೆ ಹುಡುಕಬೇಕು, ಕೊರೆದು ತೆಗೆಯುವ ಮೊದಲು ಅದರ ನೆತ್ತಿಯ ಮೇಲೆ ಇವತ್ತಿನ ಉತ್ತರವನ್ನು ಗೀಟು ಹಾಕಿಕೊಳ್ಳಬೇಕು.